ಹೋಗ್ತೆ ಅಂದದ್ದು

ಅಭಿಜ್ಞಾಳಿಗೆ ಮೇಲ್ವಿಚಾರಕರು ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಮಾನಸಿಕ ಆರೋಗ್ಯ ಕೇಂದ್ರಗಳ ಕೌನ್ಸೆಲರ್‌ಗಳಿಗೆ ಅವಳೇ ಮೇಲ್ವಿಚಾರಕಿ. ಅವರು ಜನರ ಕಷ್ಟ ಕೇಳಿ ಕೇಳಿ ಒಳಗೆ ತುಂಬಿಕೊಂಡದ್ದನ್ನು ಹದಿನೈದು ದಿನಕ್ಕೊಮ್ಮೆ ಒಂದು ತಾಸು ಕೂತು ಅವಳು ಕೇಳಬೇಕು. ಅವಳದ್ದನ್ನು ಯಾರು ಕೇಳಬೇಕು ಅನ್ನುವುದು ಸಂಸ್ಥೆಯ ಯಾವ ಸಭೆಯಲ್ಲೂ ಬಂದಿರಲಿಲ್ಲ, ಅವಳೂ ಎತ್ತಿರಲಿಲ್ಲ. ಅವಳ ಮೇಲೆ ನಿರ್ದೇಶಕ ದಿನಕರ ಸರ್ ಇದ್ದರು, ಆದರೆ ಅದು ಬೇರೆ ವಿಷಯ. ರಾಣೆಬೆನ್ನೂರು ಕಡೆಯವರಾದ ಅವರು ಮೊದಲು ಶೌಚಾಲಯದ ಯೋಜನೆಯೊಂದರಲ್ಲಿ ಇದ್ದವರು; ಎಷ್ಟು ಗುಂಡಿ ತೆಗೆದಿರಿ, ಎಷ್ಟಕ್ಕೆ ಬಾಗಿಲು ಕೂತಿತು ಎಂದು ಕೇಳಿ ರೂಢಿಯಾದವರಿಗೆ, ಎಷ್ಟು ಜನ ಬಂದರು, ಎಷ್ಟು ಜನ ಸುಧಾರಿಸಿದರು ಎಂದು ಕೇಳುವುದಕ್ಕೆ ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. "ನೋಡ್ರಿ ಅಭಿಜ್ಞಾ ಮೇಡಂ, ಮೇಲ್ವಿಚಾರಣೆ ಅಂದ್ರ ಏನು? ಮ್ಯಾಲ ನಿಂತು ವಿಚಾರಣೆ ಮಾಡೂದು. ಶಬ್ದದಾಗ ಐತಿ," ಎಂದು ಅವಳಿಗೆ ಈ ಕೆಲಸ ಕೊಟ್ಟ ದಿನ ಅವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗಬಾರದಿತ್ತು ಎಂದು ಈಗ, ಮಂಗಳವಾರ ಬೆಳಿಗ್ಗೆ ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟ ಬಸ್ಸಿನಲ್ಲಿ, ಬಿಸಿಲು ಬೀಳುವ ಬದಿಯ ಸೀಟಿನಲ್ಲಿ ಕೂತು ಅನಿಸಿತು. ಏಪ್ರಿಲ್ ತಿಂಗಳು. ಕಿಟಕಿಯ ಕಬ್ಬಿಣ ಮುಟ್ಟಿದರೆ ಚುರ್ ಅನ್ನುತ್ತಿತ್ತು. ರಾತ್ರಿ ನಿದ್ದೆ ಬಂದಿಲ್ಲ ಎಂದೇನಲ್ಲ, ಚೆನ್ನಾಗಿಯೇ ಬಂದಿತ್ತು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು ಇದು. ಮೊದಮೊದಲು ರಕ್ತ ಕಡಿಮೆ ಇರಬೇಕು ಎಂದುಕೊಂಡು ಪರೀಕ್ಷೆ ಮಾಡಿಸಿದ್ದಳು. ರಕ್ತ ಸರಿಯಾಗಿಯೇ ಇತ್ತು.

ಧಾರವಾಡದಲ್ಲಿ ನಡೆದ ಮೇಲ್ವಿಚಾರಕರ ತರಬೇತಿಯಲ್ಲಿ ಮುರಿಗೆವ್ವ ಮೇಡಂ ಈ ಸುಸ್ತಿನ ಬಗ್ಗೆಯೂ ಹೇಳಿದ್ದರು. ಮುರಿಗೆವ್ವ ಮೇಡಂ ಎಂದರೆ ಮಾನಸಿಕ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಇಳಕಲ್ ಸೀರೆ ಉಟ್ಟು, ಪರದೆಯ ಮೇಲೆ ಬರುವ ಇಂಗ್ಲಿಷ್ ಅಕ್ಷರಗಳಿಗೆ ಬೆನ್ನು ಮಾಡಿ ನಿಂತು, ಜೋಳ ಕೇರುವವರ ಹಾಗೆ ಕೈ ಆಡಿಸುತ್ತ ಮಾತಾಡುತ್ತಿದ್ದರು. ಈ ಕೆಲಸಕ್ಕೆ ಕನ್ನಡದಾಗ ಒಂದು ಛಲೋ ಶಬ್ದ ಇಲ್ಲ ನೋಡ್ರಿ, ಇರೂದು ಕಂಟ್ರಾಕ್ಟರ ಶಬ್ದ, ನಾನು ಇದಕ್ಕ ಜತಿ ಕೂಡೂದು, ಅಂದ್ರ ಜೊತಿಗೆ ಕೂತು ಕೇಳೂದು, ಅಂತೀನಿ ಅಂದಿದ್ದರು. ಸಂಶೋಧನೆಗಳ ಬಗ್ಗೆ ಹೇಳಿದ್ದರು: ಕೌನ್ಸೆಲರ್‌ಗಳು ಮೇಲ್ವಿಚಾರಕರ ಹತ್ತಿರ ಬಚ್ಚಿಡುವುದು ಸಣ್ಣಪುಟ್ಟದ್ದನ್ನಲ್ಲ, ತಮ್ಮನ್ನು ಹೆದರಿಸಿದ್ದನ್ನೇ ಬಚ್ಚಿಡುತ್ತಾರೆ, ಅಂಕ ಕೊಡುವವರೂ ಕೇಳಿಸಿಕೊಳ್ಳುವವರೂ ಒಬ್ಬರೇ ಆದರೆ ಇನ್ನೂ ಹೆಚ್ಚು. ಯಾವ ಪದ್ಧತಿ ಬಳಸಿದಿರಿ ಅನ್ನುವುದಕ್ಕಿಂತ ಇಬ್ಬರ ನಡುವೆ ನಂಬಿಕೆ ಇತ್ತೇ ಅನ್ನುವುದೇ ದೊಡ್ಡದು. ಮತ್ತೆ ಮೂರು ಕುರ್ಚಿಯ ಮಾತು: ರೋಗಿಯದ್ದೊಂದು, ಕೌನ್ಸೆಲರದ್ದೊಂದು, ಮೇಲ್ವಿಚಾರಕರದ್ದೊಂದು. ರೋಗಿ ಮತ್ತು ಕೌನ್ಸೆಲರ್ ನಡುವೆ ಆದದ್ದು, ಕೌನ್ಸೆಲರ್ ಮತ್ತು ನಿಮ್ಮ ನಡುವೆಯೂ ಆಗುತ್ತದೆ, ಅಲ್ಲಿ ಮನೆಯವರು ಕೇಳದಿದ್ದರೆ ಇಲ್ಲಿ ನೀವೂ ಕೇಳುವುದಿಲ್ಲ, ಗೊತ್ತಿಲ್ಲದ ಹಾಗೆ. ಅಭಿಜ್ಞಾ ಎಲ್ಲ ಬರೆದುಕೊಂಡಿದ್ದಳು. ಊಟದ ಹೊತ್ತಿಗೆ ಮುರಿಗೆವ್ವ ಮೇಡಂ ಪಕ್ಕದಲ್ಲೇ ಕೂತು, "ನಿಮ್ಮ ಮಾತು ಯಾರು ಕೇಳ್ತಾರವಾ?" ಎಂದು ಕೇಳಿದಾಗ ಅವಳ ಬಾಯಲ್ಲಿ ರೊಟ್ಟಿ ಇತ್ತು. ನುಂಗಿ ಉತ್ತರ ಕೊಡುವಷ್ಟರಲ್ಲಿ ಆಚೆಯವರು ಯಾರೋ ಮೊಸರು ಕೇಳಿದರು.

ಹೋದ ಸಲ ಸಿದ್ದಾಪುರದಲ್ಲಿ ಅಲ್ಲಿನ ಕೌನ್ಸೆಲರ್ ನುಜ್ಹತ್ ಜೊತೆ ಕೂತದ್ದು ನೆನಪಾಗುವುದು ಅವಳಿಗೆ ಬೇಡವಾಗಿತ್ತು. ಆದರೆ ಬಸ್ಸು ಬಿಟ್ಟಲ್ಲಿಂದ ಅದೇ ಎದುರು ಬರುತ್ತಿತ್ತು. ನುಜ್ಹತ್ ಶಿರಸಿಯ ಹುಡುಗಿ. ತಂದೆ ಸುಭಾನ್ ಸಾಹೇಬರದ್ದು ಲಾರಿ ಬುಕಿಂಗ್ ಆಫೀಸು. ಇಬ್ಬರೂ ಜೊತೆಗೆ ಕೌನ್ಸೆಲರ್ ಆಗಿದ್ದ ಕಾಲದಲ್ಲಿ ಅವಳು ಅಭಿಜ್ಞಾಳನ್ನು ಅಕ್ಕಾ ಎನ್ನುತ್ತಿದ್ದಳು. ಬಡ್ತಿಯ ಪತ್ರ ಬಂದ ಮರುದಿನದಿಂದ ಮೇಡಂ. ಯಾರೂ ಹೇಳಿಕೊಟ್ಟದ್ದಲ್ಲ. ಹೋದ ಸಲ ತಾಸಿನ ಹೆಚ್ಚಿನ ಪಾಲು ದಿನಕರ ಸರ್ ಕೇಳಿದ್ದ ಅಂಕಿಗಳಲ್ಲೇ ಹೋಗಿತ್ತು. ಹೊಸಬರು ಎಷ್ಟು, ಬರುವುದು ನಿಲ್ಲಿಸಿದವರು ಎಷ್ಟು. ಕೊನೆಗೆ ಅಭಿಜ್ಞಾ ಬ್ಯಾಗಿನ ಜಿಪ್ಪು ಎಳೆಯುತ್ತಿರುವಾಗ ನುಜ್ಹತ್, "ಮೇಡಂ, ಒಂದು ಮಾತಿತ್ತು. ದೊಡ್ಡದೇನಲ್ಲ," ಎಂದಳು. ದೊಡ್ಡದೇನಲ್ಲ ಎಂದು ಶುರುವಾದ ಮಾತು ದೊಡ್ಡದೇ ಆಗಿರುತ್ತದೆ ಎಂದು ಅಭಿಜ್ಞಾಳೇ ಹೊಸಬರಿಗೆ ಪಾಠ ಮಾಡುವವಳು. "ಕೋಲಸಿರ್ಸಿಯ ವೆಂಕಮ್ಮ ಬರ್ತಾರಲ್ಲ, ಅವರು ಯಾವಾಗ್ಲೂ ಏಳುವಾಗ ಬತ್ತೆ ತಂಗಿ ಅಂತ ಹೇಳಿ ಹೋಗೋದು. ಮೊನ್ನೆ ಎದ್ದು, ಹೋಗ್ತೆ ಅಂದ್ರು. ನಂಗೆ ಒಂಥರಾ ಆಯ್ತು."

ಅಭಿಜ್ಞಾ ಜಿಪ್ಪು ಪೂರ್ತಿ ಎಳೆದಳು. "ಅದು ನಮ್ಮ ಕಡೆ ಮಾತು ಕಣೇ. ಬತ್ತೆ ಅಂದ್ರೆ ಬರ್ತೇನೆ, ಆನು ಹೋಗ್ತೆ ಅಂದ್ರೆ ನಾನು ಹೋಗ್ತೇನೆ, ಅಷ್ಟೆ. ನೀನು ಸ್ವಲ್ಪ ಕಲಿಬೇಕು, ಇಲ್ಲಿ ಅರ್ಧ ಜನ ಹಾಗೇ ಮಾತಾಡೋದು." ಹೇಳಿ ನಕ್ಕಳು ಕೂಡ. ನುಜ್ಹತ್ ಪೆನ್ನಿನ ಕ್ಯಾಪು ಹಾಕಿದಳು. "ಸರಿ ಮೇಡಂ."

ಆ ಕ್ಯಾಪಿನ ಸದ್ದು ಅವಳಿಗೆ ಆಗಲೇ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಈಗ ಹೇಳಿಕೊಂಡರೆ ಸುಳ್ಳಾಗುತ್ತದೆ. ಕೇಳಿಸಿಯೂ ಎದ್ದಿದ್ದಳು, ಯಾಕೆಂದರೆ ಮುಂದಿನ ಬಸ್ಸು ತಪ್ಪಿದರೆ ಮತ್ತೆ ಆ ನಿಲ್ದಾಣದ ಸಿಮೆಂಟು ಕಟ್ಟೆಯ ಮೇಲೆ ಕೂರಬೇಕು. ಕೂತರೆ ಯಾರಾದರೂ ಪರಿಚಯದವರು ಬಂದು, ನೀನು ಈ ಮಂಡೆ ಸಮ ಇಲ್ಲದವರ ಆಫೀಸಲ್ಲಿ ಇದ್ದೆ ಅಲ್ದ ಎಂದು ಶುರುಮಾಡುತ್ತಾರೆ. ಯಲ್ಲಾಪುರದ ಕೌನ್ಸೆಲರ್ ಸಂಜಯ ಎಷ್ಟೋ ವಾಸಿ. ಕೇಳಿದರೆ "ಎಲ್ಲ ಸಮ ಇದೆ ಮೇಡಂ" ಎನ್ನುತ್ತಾನೆ, ಅಂಕಿ ಕೊಡುತ್ತಾನೆ, ಚಹಾ ತರಿಸುತ್ತಾನೆ, ತಾಸು ಅರ್ಧಕ್ಕೇ ಮುಗಿಯುತ್ತದೆ. ಅವನ ಹತ್ತಿರ ಬರುವ ಜನಕ್ಕೆ ಏನಾಗುತ್ತಿದೆ ಎಂದು ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದರಲ್ಲಿ ಒಂದು ವಿಶ್ರಾಂತಿ ಇದೆ.

ಕಾನಸೂರಿನಲ್ಲಿ ಬಸ್ಸು ನಿಂತಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಶಿರಸಿಯಿಂದಲೂ ಯಾರದೋ ಸೊಸೆಯ ಬಗ್ಗೆ ಮಾತಾಡುತ್ತ ಬಂದಿದ್ದರು. ಒಬ್ಬಳು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಇನ್ನೊಬ್ಬಳ ಭುಜ ತಟ್ಟಿ, "ಬತ್ತೆನೇ," ಎಂದು ಇಳಿದಳು. ಇವರಿಬ್ಬರೂ ಬಸ್ಸು ಹತ್ತಿದ ಮೇಲೆ ಯಾವೂರು ಎಂದು ಕೇಳಿಕೊಂಡು ಪರಿಚಯವಾದವರು; ಮತ್ತೆ ಸಿಗುವವರಲ್ಲ, ಮತ್ತೆ ಬರುವ ಮಾತೇ ಇಲ್ಲ. ಆದರೂ ಬತ್ತೆ. ಮಂಚಿಕೇರಿಯ ಹತ್ತಿರದ ಮನೆಯಲ್ಲಿ, ಅವಳು ಶಾಲೆಗೆ ಹೊರಟು ಬಾಗಿಲಲ್ಲಿ ಆಯಿ ಹೋಗ್ತೆ ಎಂದು ಕೂಗಿದರೆ ಅಜ್ಜಿ ಒಳಗಿನಿಂದ ಓಡಿಬಂದು, ಬಿಡ್ತು ಅನ್ನು, ಬತ್ತೆ ಅನ್ನು ಎಂದು ಕೈ ಹಿಡಿದು ಒಳಗೆ ಎಳೆದು ಒಂದು ಗುಟುಕು ನೀರು ಕುಡಿಸಿಯೇ ಬಿಡುತ್ತಿದ್ದಳು. ಆ ಮನೆಗಳಲ್ಲಿ ಹೆಣ ಮಾತ್ರ ಹೋಗುತ್ತದೆ, ಬದುಕಿದವರೆಲ್ಲ ಬರುತ್ತಾರೆ. ಇದು ಗೊತ್ತಿರಬೇಕಾದದ್ದು ಅವಳಿಗೆ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಗೆ ಒಂಥರಾ ಆಗಿದೆ, ಆ ಮಾತಿನಲ್ಲೇ ಹುಟ್ಟಿದವಳು ವ್ಯಾಕರಣ ಹೇಳಿ ಕಳಿಸಿದ್ದಾಳೆ. ಹುಡುಗಿ ಅರ್ಥ ಕೇಳಿರಲಿಲ್ಲ. ಹೆದರಿಕೆ ಹೇಳಿಕೊಂಡಿದ್ದಳು. ಆಫೀಸಿನ ಕನ್ನಡ ಮಾತಾಡಿ ಮಾತಾಡಿ ತನ್ನ ಕಿವಿಯೇ ಸತ್ತಿದೆ ಎಂದು ಅಭಿಜ್ಞಾಳಿಗೆ ಅನಿಸಿತು, ಮರುಕ್ಷಣ ಇದೂ ಒಂದು ನೆಪ ಎನಿಸಿತು. ಫೋನು ತೆಗೆದಳು. ಸಿಗ್ನಲ್ ಇರಲಿಲ್ಲ. ಇದ್ದರೂ ಏನು ಕೇಳಬೇಕಿತ್ತು? ವೆಂಕಮ್ಮ ಇದ್ದಾರಾ ಎಂದೇ?

ಸಿದ್ದಾಪುರದ ಕೇಂದ್ರ ಪೇಟೆಯ ಒಂದು ಕಟ್ಟಡದ ಮಹಡಿಯಲ್ಲಿ, ಮಂಡಿ, ಸೊಂಟಕ್ಕೆ ಕರೆಂಟು ಕೊಡುವ ಫಿಸಿಯೋಥೆರಪಿಯವರ ಪಕ್ಕದ ಕೋಣೆ. ಜಾಗ ಹುಡುಕಿದ್ದು ಅಭಿಜ್ಞಾಳೇ. ಒಳ್ಳೆಯ ಜಾಗ, ಮೆಟ್ಟಿಲು ಹತ್ತುವವರನ್ನು ನೋಡಿದರೆ ಯಾರೂ ಏನೂ ಹೇಳುವಂತಿಲ್ಲ, ಎಲ್ಲರಿಗೂ ಮಂಡಿನೋವು. ವೆಂಕಮ್ಮ ಮನೆಯಲ್ಲಿ ಹೇಳಿ ಬರುತ್ತಿದ್ದದ್ದೂ ಅದನ್ನೇ. ಅವರ ಅತ್ತೆ ಹಾಸಿಗೆ ಹಿಡಿದು ವರ್ಷಗಟ್ಟಲೆ ಇದ್ದರು, ರಾತ್ರಿ ಎರಡೆರಡು ತಾಸಿಗೆ ಕೂಗಿ ಏಳಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಈಗಲೂ ವೆಂಕಮ್ಮ ಎರಡು ತಾಸಿಗೆ ಏಳುತ್ತಾರೆ. ಅತ್ತೆ ಸತ್ತ ದಿನ ಮೈ ಹಗುರಾಯಿತು ಎಂದು ಅವರು ಹೇಳಿಕೊಂಡದ್ದು ನುಜ್ಹತ್ ಒಬ್ಬಳ ಹತ್ತಿರ.

ನುಜ್ಹತ್ ಎರಡು ಕುರ್ಚಿ ಎದುರುಬದುರು ಹಾಕಿ, ಫ್ಯಾನು ತಿರುಗಿಸಿ ಕೂತಿದ್ದಳು. ಅಭಿಜ್ಞಾ ಕೂರಲಿಲ್ಲ. "ವೆಂಕಮ್ಮ ಬಂದಿದ್ರಾ ಆಮೇಲೆ?"

"ಇಲ್ಲ ಮೇಡಂ. ಎರಡು ಮಂಗಳವಾರ ಆಯ್ತು. ಫೋನು ಸ್ವಿಚ್ ಆಫ್."

"ನಂಗೆ ಯಾಕೆ ಹೇಳ್ಲಿಲ್ಲ?"

ನುಜ್ಹತ್ ಅವಳ ಮುಖ ನೋಡಿದಳು. ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಅನ್ನದೇ ಇದ್ದದ್ದು ಅಭಿಜ್ಞಾಳಿಗೆ ಇನ್ನಷ್ಟು ಕಷ್ಟವಾಯಿತು. "ನಾನು ಅದನ್ನೇ ಇವತ್ತು ಮಾತಾಡ್ಬೇಕು ಅಂತ ಇದ್ದೆ. ಮಂಜಿ ಇದ್ದಾಳಲ್ಲ, ಪಕ್ಕದ ಫಿಸಿಯೋದಲ್ಲಿ ಗುಡಿಸೋಳು, ಅವಳು ಕೋಲಸಿರ್ಸಿಯವಳೇ. ದಿನಾ ಬಸ್ಸಿಗೆ ಬರ್ತಾಳೆ. ಮಂಡಿಗೆ ಕರೆಂಟು ಬಾಕಿ ಇದೆ, ಯಾಕೆ ಬರ್ಲಿಲ್ಲ ಅಂತ ಅವಳ ಹತ್ರ ಕೇಳಿಸ್ಬಹುದು. ಮನೇಲಿ ಯಾರಿಗೂ ಗೊತ್ತಾಗಲ್ಲ. ಆದ್ರೆ ಅದಕ್ಕೆ ಮೊದ್ಲು, ಆ ದಿನ ಏನಾಯ್ತು ಅಂತ ನಂಗೆ ಒಂದ್ಸಲ ಪೂರ್ತಿ ಹೇಳ್ಬೇಕು ಮೇಡಂ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ…"

"ಹೇಳೋದೆಲ್ಲ ಆಮೇಲೆ. ನಡಿ, ಹೋಗಿ ನೋಡೋಣ."

"ಮನೆಗಾ?"

"ಮತ್ತೆಲ್ಲಿಗೆ?"

"ಅವ್ರು ಮಂಡಿನೋವು ಅಂತ ಹೇಳಿ ಬರೋರು, ಮೇಡಂ."

"ಜೀವ ದೊಡ್ಡದಾ ಮಂಡಿನೋವು ದೊಡ್ಡದಾ?" ಮಾತು ಜೋರಾಗಿ ಬಂತು. ಪಕ್ಕದ ಕೋಣೆಯ ಯಂತ್ರದ ಗುಂಯ್ ಸದ್ದು ಒಂದು ಕ್ಷಣ ನಿಂತ ಹಾಗೆ ಕಂಡಿತು. ನುಜ್ಹತ್ ಎದ್ದಳು. ದುಪಟ್ಟಾ ಸರಿಮಾಡಿಕೊಂಡು, ಫ್ಯಾನು ಆರಿಸಿದಳು. ಎದುರುಬದುರು ಹಾಕಿದ ಕುರ್ಚಿಗಳು ಹಾಗೇ ಉಳಿದವು.

ಆಟೋ ಕೋಲಸಿರ್ಸಿಯ ದಾರಿ ಹಿಡಿಯಿತು. ಕೊಯ್ಲು ಮುಗಿದು ಬಿರುಕು ಬಿಟ್ಟ ಗದ್ದೆಗಳಲ್ಲಿ ದನ ಮೇಯುತ್ತಿದ್ದವು. ಅಭಿಜ್ಞಾ ಬಾವಿಗಳನ್ನು ನೋಡುತ್ತಿದ್ದಳು. ರಸ್ತೆ ಬದಿಯ ಪ್ರತಿ ಮನೆಗೂ ಒಂದು ಬಾವಿ, ಪ್ರತಿ ಬಾವಿಯ ಹತ್ತಿರವೂ ಜನ ಸೇರಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಹೆದರಿಕೆಯ ಒಳಗೆ ಇನ್ನೊಂದು ಇತ್ತು, ಅದನ್ನು ಅವಳು ಸ್ಪಷ್ಟವಾಗಿ ಕಂಡಳು: ಏನಾದರೂ ಆಗಿದ್ದರೆ ನುಜ್ಹತ್ ಹೇಳಿದ್ದಳು, ನೀನು ನಕ್ಕಿದ್ದೆ ಎಂಬ ಮಾತು ಹೊರಬರುತ್ತದೆ. ವೆಂಕಮ್ಮ ಸಾಯಬಾರದು ಅನ್ನುವುದರಲ್ಲಿ ವೆಂಕಮ್ಮನ ಪಾಲು ಎಷ್ಟು, ತನ್ನ ಪಾಲು ಎಷ್ಟು? ಇದನ್ನು ಎತ್ತಿಕೊಂಡು ಹೋಗಿ ಕೂರುವುದಕ್ಕೆ ಒಂದು ಕೋಣೆ ಇದ್ದಿದ್ದರೆ, ಒಬ್ಬರು ಇದ್ದಿದ್ದರೆ, ಈ ಆಟೋ ಹತ್ತುತ್ತಿರಲಿಲ್ಲವೇನೋ. "ಯಾರ ಮನೆಗೆ ಮೇಡಂ? ಸರ್ವೆಯವ್ರಾ?" ಎಂದು ಆಟೋದವನು ಕನ್ನಡಿಯಲ್ಲಿ ನೋಡಿ ಕೇಳಿದ. "ಹಾಂ, ಸರ್ವೆ," ಎಂದಳು ಅಭಿಜ್ಞಾ. "ನಮ್ಮ ಮನೆಗೂ ಬಂದಿದ್ರು. ಫ್ರಿಜ್ಜು ಇದ್ಯಾ ಕೇಳಿ ಬರ್ಕಂಡು ಹೋದ್ರು, ಕೊಡೋದು ಬಿಡಿ," ಎಂದು ಅವನು ನಕ್ಕ.

ವೆಂಕಮ್ಮ ಅಂಗಳದಲ್ಲಿ ಹಪ್ಪಳ ಒತ್ತುತ್ತಿದ್ದರು. ಹಲಸಿನ ಹಪ್ಪಳ. ತಗಡಿನ ಚಪ್ಪರದ ಕೆಳಗೆ ನಾಲ್ಕಾರು ಹೆಂಗಸರು ಕೂತು, ಒಬ್ಬರು ಉಂಡೆ ಕಟ್ಟುತ್ತ, ಒಬ್ಬರು ಒತ್ತುತ್ತ, ಒಬ್ಬರು ಚಾಪೆಯ ಮೇಲೆ ಹರಡುತ್ತ. ವೆಂಕಮ್ಮನ ಮೊಣಕೈವರೆಗೆ ಹಿಟ್ಟು. ಬದುಕಿದ್ದರು. ಅಭಿಜ್ಞಾ ಗೇಟಿನ ಕಂಬ ಹಿಡಿದಳು; ಅದು ಸಮಾಧಾನ ಎಂದು ಗೊತ್ತಾಗುವ ಮೊದಲೇ ಅದರ ಹಿಂದೆ ಸಿಟ್ಟು ಬಂತು, ಇಷ್ಟು ಆರಾಮವಾಗಿ ಹಪ್ಪಳ ಒತ್ತುತ್ತಿದ್ದಾರಲ್ಲ ಎಂದು. ವೆಂಕಮ್ಮ ತಲೆ ಎತ್ತಿದರು. ಮೊದಲು ನುಜ್ಹತ್‌ಳನ್ನು ಕಂಡರು. ಅವರ ಮುಖದಲ್ಲಿ ಏನೋ ತೆರೆದುಕೊಳ್ಳಲು ಹೊರಟು, ಅಕ್ಕಪಕ್ಕ ಕೂತವರ ನೆನಪಾಗಿ, ಅಲ್ಲೇ ಮುಚ್ಚಿಕೊಂಡಿತು.

"ಯಾರು ಹೇಳಿ ಗೊತ್ತಾತಿಲ್ಲೆ," ಎಂದರು, ಗುರುತೇ ಇಲ್ಲದವರ ಹಾಗೆ.

ಅಷ್ಟರಲ್ಲಿ ತಿರುಗಿ ಹೊರಟುಬಿಡಬಹುದಿತ್ತು. ಮನೆ ತಪ್ಪಿತು ಎನ್ನಬಹುದಿತ್ತು. ನುಜ್ಹತ್ ಆಗಲೇ ಒಂದು ಹೆಜ್ಜೆ ಹಿಂದೆ ಇಟ್ಟು, "ಇಲ್ಲಿ ಹಪ್ಪಳ ಮಾರ್ತಾರೆ ಅಂದ್ರು, ಅದಕ್ಕೆ," ಎಂದಳು. ಎಷ್ಟು ಬೇಗ ಹೊಳೆಯಿತು ಇವಳಿಗೆ ಎಂದು ಅಭಿಜ್ಞಾ ಅಂದುಕೊಂಡಳು, ಆದರೂ ತನ್ನ ಬಾಯಿಂದ, ಎಷ್ಟೋ ವರ್ಷದಿಂದ ಆಫೀಸಿನಲ್ಲಿ ಆಡದ ಮನೆಮಾತು ಹೊರಬಂತು. "ಆನೂ ಈ ಕಡೆಯವಳೇಯ. ಮಂಚಿಕೇರಿ ಹತ್ರ. ವೆಂಕಮ್ಮನ್ನ ಮಾತಾಡ್ಸಿ ಹೋಪನ ಹೇಳಿ ಬಂದಿದ್ದು." ಹತ್ತಿರದವಳು ಎಂದು ತೋರಿಸಲು ಹೇಳಿದ್ದು. ಹತ್ತಿರದವಳಾದದ್ದೇ ತಪ್ಪಾಯಿತು. ವೆಂಕಮ್ಮನ ಓರಗಿತ್ತಿ, ಅಗಲ ಮುಖದ ಚುರುಕು ಹೆಂಗಸು, ಕೈ ಝಾಡಿಸಿಕೊಂಡು ಎದ್ದು ಬಂದಳು. "ಓಹೋ, ಮಂಚಿಕೇರಿ! ಯಾರ ಮನೆ? ಕೂತ್ಗಳಿ, ಕೂತ್ಗಳಿ. ಆಸರಿಗೆ ಎಂತ ಅಕ್ಕು, ಮಜ್ಜಿಗೆ ಮಾಡವ?" ಎನ್ನುತ್ತ ಹತ್ತಿರ ಬಂದವಳ ಕಣ್ಣು ಅಭಿಜ್ಞಾಳ ಎದೆಯ ಮೇಲೆ ನಿಂತಿತು. ಅಭಿಜ್ಞಾಳೂ ಕೆಳಗೆ ನೋಡಿಕೊಂಡಳು. ಕೊರಳಿನಲ್ಲಿ ಸಂಸ್ಥೆಯ ಗುರುತಿನ ಕಾರ್ಡು. ಆಟೋದಲ್ಲಿ ತೆಗೆದು ಬ್ಯಾಗಿಗೆ ಹಾಕುವುದು ಅವಳೇ ಎಲ್ಲರಿಗೂ ಕಲಿಸಿದ ಪಾಠ, ನುಜ್ಹತ್ ತನ್ನದನ್ನು ಆಗಲೇ ತೆಗೆದಿಟ್ಟಿದ್ದಳು. ಓರಗಿತ್ತಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಮಾನಸಿಕ ಆರೋಗ್ಯ." ಮತ್ತೆ ತಿರುಗಿ, ಚಪ್ಪರದ ಕೆಳಗಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಅಕ್ಕಯ್ಯಾ, ನೀನು ಮಂಗಳವಾರ ಮಂಗಳವಾರ ಕರೆಂಟು ಕೊಡ್ಸ್ಕಂಬಲೆ ಹೋಪದು ಮಂಡಿಗ, ಮಂಡೆಗ?"

ಹೆಂಗಸರು ನಕ್ಕರು. ದುಷ್ಟ ನಗುವಲ್ಲ. ಮಾತು ಚೆನ್ನಾಗಿತ್ತು, ನಕ್ಕರು, ಅಷ್ಟೆ. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು, ನಿಲ್ಲಿಸಿದ್ದು ನಕ್ಕದ್ದಕ್ಕಿಂತ ಕೆಟ್ಟದಾಗಿತ್ತು. ವೆಂಕಮ್ಮ ಒತ್ತುಮಣೆಯ ಮೇಲಿನ ಹಪ್ಪಳವನ್ನು ಅಂಚು ಹರಿಯದ ಹಾಗೆ ಬಿಡಿಸಿ ಚಾಪೆಗೆ ಹಾಕಿದರು. ಇನ್ನೊಂದು ಉಂಡೆ ಇಟ್ಟರು. "ಎರಡಕ್ಕೂ ಕೊಡ್ತ," ಎಂದರು. ಈ ಸಲ ಯಾರೂ ನಗಲಿಲ್ಲ.

ಮಜ್ಜಿಗೆ ಬಂತು. ಕುಡಿಯದೇ ಹೊರಡುವಂತಿರಲಿಲ್ಲ. ಓರಗಿತ್ತಿ ಮಂಚಿಕೇರಿಯ ಮನೆಗಳನ್ನು ಒಂದೊಂದಾಗಿ ಕೇಳುತ್ತ, ಅಭಿಜ್ಞಾಳ ಚಿಕ್ಕಮ್ಮನ ಮಗಳನ್ನು ಕೊಟ್ಟ ಊರಿನ ತನಕ ಬಂದು, ಅಲ್ಲಿ ತನ್ನ ಅಣ್ಣನ ನೆಂಟಸ್ತಿಕೆ ಸಿಕ್ಕಿ ಖುಷಿಪಟ್ಟಳು. ಸಂಜೆಯ ಒಳಗೆ ಆ ಊರಿಗೂ ಫೋನು ಹೋಗುತ್ತದೆ ಎಂದು ಅಭಿಜ್ಞಾಳಿಗೆ ಗೊತ್ತಿತ್ತು. ಅವಳು ಲೋಟದ ತಳದ ಇಂಗು ಕರಿಬೇವನ್ನು ನೋಡುತ್ತ ಕೂತಳು. ಉಪ್ಪು ಸರಿಯಾಗಿತ್ತು. ಇಂಥ ಹೊತ್ತಿನಲ್ಲೂ ನಾಲಿಗೆಗೆ ಉಪ್ಪು ಸರಿ ಎಂದು ತಿಳಿಯುತ್ತದೆ.

ಗೇಟಿನ ತನಕ ವೆಂಕಮ್ಮ ಬಂದರು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಅಭಿಜ್ಞಾಳ ಕಡೆ ನೋಡಲಿಲ್ಲ. ನುಜ್ಹತ್ ತಗ್ಗಿದ ದನಿಯಲ್ಲಿ, "ಅಮ್ಮಾ, ತಪ್ಪಾಯ್ತು. ನೀವು ಆ ದಿನ ಹೋಗ್ತೆ ಅಂದ್ರಲ್ಲ, ಆಮೇಲೆ ಫೋನೂ ಹತ್ತಲಿಲ್ಲ," ಎಂದಳು.

"ಫೋನು ಮೊಮ್ಮಗಳು ನೀರಿಗೆ ಹಾಕ್ತು. ಹಪ್ಪಳದ ಕೆಲ್ಸ, ಬಪ್ಪಲೆ ಆಜಿಲ್ಲೆ." ಚಪ್ಪರದ ಕಡೆ ಒಮ್ಮೆ ನೋಡಿ, "ಅಂದಿದ್ದೆ. ಅಂದಿದ್ದು ಹೌದು. ನೀನು ಮೆಟ್ಟಿಲ ತನಕ ಓಡಿ ಬಂದು, ಅಮ್ಮಾ ಬರ್ತೀರಲ್ಲ, ಬರ್ತೇನೆ ಅಂತ ಹೇಳಿ ಹೋಗಿ ಅಂದು ಕೈ ಹಿಡ್ಕಂಡೆ. ಆಗ ಎಂತ ಹೇಳ್ದೆ ಆನು?"

"ಬತ್ತೆ ಅಂದ್ರಿ."

"ಹಂಗಾರೆ ಬಪ್ಪವಳೇ ಇದ್ದಿದ್ದೆ. ಇನ್ನು ಬತ್ನಿಲ್ಲೆ ತಂಗಿ. ಹೆದ್ರಡ, ಎಂತದೂ ಮಾಡ್ಕ್ಯತ್ನಿಲ್ಲೆ. ಹಪ್ಪಳ ಒಣಗವು ಇನ್ನೂ." ಇನ್ನು ಬರುವುದಿಲ್ಲ, ಜೀವಕ್ಕೆ ಏನೂ ಮಾಡಿಕೊಳ್ಳುವುದೂ ಇಲ್ಲ, ಅಷ್ಟು ಹೇಳಿ ಗೇಟು ಹಾಕಿ, ಚಿಲಕ ಸಿಕ್ಕಿಸಿ, ಚಪ್ಪರದ ಕಡೆ ಹೋದರು. ಮಂಡಿ ಸರಿಯಾಗಿಯೇ ಇದ್ದವರ ನಡಿಗೆ.

ಇದು ಅಭಿಜ್ಞಾಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ತನಕ ಓಡಿದ್ದು, ಕೈ ಹಿಡಿದದ್ದು, ಬತ್ತೆ ಅನ್ನಿಸಿದ್ದು. ಹೋದ ಸಲ ನುಜ್ಹತ್ ಹೇಳಲು ಹೊರಟದ್ದು ಇದನ್ನೇ. ಇವತ್ತು ಬೆಳಿಗ್ಗೆ ಪೂರ್ತಿ ಹೇಳಬೇಕು ಎಂದದ್ದೂ ಇದನ್ನೇ. ಆಮೇಲೆ ನೀನು ಏನು ಮಾಡಿದೆ ಎಂದು ಅವಳು ಕೇಳಿರಲಿಲ್ಲ. ಮುರಿಗೆವ್ವ ಮೇಡಂ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿಸಿದ್ದ ಪ್ರಶ್ನೆ, ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಎಷ್ಟು ಸುಲಭ ಎಂದರೆ ಅದನ್ನು ಬರೆದುಕೊಳ್ಳುವಾಗ ಇದೆಂಥ ದೊಡ್ಡದು ಅನಿಸಿತ್ತು.

ಕೇಂದ್ರಕ್ಕೆ ವಾಪಸು ಬಂದಾಗ ಕುರ್ಚಿಗಳು ಎದುರುಬದುರು ಹಾಗೇ ಇದ್ದವು. ಈಗ ಕೂತರು. ನಿನ್ನ ತಾಸು ಇದು, ನೀನು ಹೇಳು ಎನ್ನಬೇಕೆಂದು ಅಭಿಜ್ಞಾ ಬಾಯಿ ತೆರೆದಳು. ಬಂದದ್ದು ಬೇರೆ. ಬಸ್ಸಿನಲ್ಲಿ ಬತ್ತೆ ಅಂದವಳು, ಅಜ್ಜಿ ಕುಡಿಸುತ್ತಿದ್ದ ನೀರು, ತಾನು ನಕ್ಕದ್ದು, ದಿನಕರ ಸರ್ ಜೊತೆ ನಕ್ಕದ್ದು, ಬೆಳಿಗ್ಗೆ ಎದ್ದರೂ ಹೋಗದ ಸುಸ್ತು, ಯಾರ ಹತ್ತಿರವೂ ಹೇಳಲಾಗದ್ದು. ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ. ಮಾತಾಡುತ್ತಿರುವಾಗಲೇ ತಾನು ಏನು ಮಾಡುತ್ತಿದ್ದೇನೆ ಎಂದು ಕಾಣುತ್ತಿತ್ತು: ಹುಡುಗಿಯ ಹೊರೆ ಇಳಿಸಬೇಕಾದವಳು ಅವಳ ತಲೆಯ ಮೇಲೆ ತನ್ನದನ್ನೂ ಇಡುತ್ತಿದ್ದಾಳೆ. ಕಂಡರೂ ನಿಲ್ಲಿಸಲಾಗಲಿಲ್ಲ, ಯಾಕೆಂದರೆ ನುಜ್ಹತ್ ಚೆನ್ನಾಗಿ ಕೇಳುತ್ತಿದ್ದಳು. ತಲೆ ಸ್ವಲ್ಪ ಮುಂದೆ ಬಾಗಿಸಿ, ನಡುವೆ ಬಾಯಿ ಹಾಕದೆ, ಕೈ ಮಡಿಲಲ್ಲಿ ಇಟ್ಟುಕೊಂಡು. ವೆಂಕಮ್ಮ ಮಂಗಳವಾರ ಮಂಗಳವಾರ ಇದಕ್ಕಾಗಿಯೇ ಬರುತ್ತಿದ್ದರು ಎಂದು ಅರ್ಥವಾಗುವ ಹಾಗೆ. ಅಭಿಜ್ಞಾ ಕಣ್ಣು ಒರೆಸಿಕೊಂಡಾಗ ನುಜ್ಹತ್ ಎದ್ದು ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ತಂದಳು.

"ಬಹಳ ದಿನದ್ದು ಒಳಗೇ ಇಟ್ಕೊಂಡಿದ್ರಿ," ಎಂದಳು. ತರಬೇತಿಯ ಮಾತು. ಬಂದವರಿಗೆಲ್ಲ ಹೇಳುವ ಮಾತು.

"ನಿಂದು ಹೇಳು ಈಗ."

"ನಂದೇನೂ ಇಲ್ಲ ಮೇಡಂ." ಗೋಡೆಯ ಗಡಿಯಾರ ನೋಡಿದಳು. "ನಿಮ್ಮ ಬಸ್ಸಿನ ಹೊತ್ತಾಯ್ತು."

"ನುಜ್ಹತ್, ನಂಗೆ ಸಿಟ್ಟಲ್ಲಾದ್ರೂ ಬಯ್ಯಿ."

"ಎಲ್ಲ ಸಮ ಇದೆ ಮೇಡಂ," ಎಂದಳು ನುಜ್ಹತ್, ನಕ್ಕು, ಖಾಲಿ ಲೋಟ ತೆಗೆದುಕೊಂಡು. ಯಲ್ಲಾಪುರದಲ್ಲಿ ಗುರುವಾರ ಗುರುವಾರ ಕೇಳಿದ ಮಾತು ಇಲ್ಲೂ ಬಂದಿತ್ತು. ಇನ್ನು ಈ ಕೋಣೆಯಲ್ಲಿ ತಾಸು ಬೇಗ ಮುಗಿಯುತ್ತದೆ ಎಂದು ಅಭಿಜ್ಞಾಳಿಗೆ ತಿಳಿಯಿತು. ಮೆಟ್ಟಿಲು ಇಳಿಯುವಾಗ ಮಂಜಿ ಪೊರಕೆ ಹಿಡಿದು ಹತ್ತುತ್ತಿದ್ದಳು. ಗೋಡೆಗೆ ಸರಿದು ದಾರಿ ಬಿಟ್ಟು, ಕೊರಳಿನ ಕಾರ್ಡು ನೋಡಿ, ಬೇರೆ ಕಡೆ ನೋಡಿದಳು. ಕೋಲಸಿರ್ಸಿಯಿಂದ ಆಗಲೇ ಫೋನು ಬಂದಿತ್ತೇನೋ. ಬಂದಿರಲಿಲ್ಲವೇನೋ.

ನುಜ್ಹತ್ ಜೂನಿನವರೆಗೆ ಇದ್ದಳು. ಕೋಣೆ ಬದಲಿಸಬೇಕು ಎಂದು ದಿನಕರ ಸರ್‌ಗೆ ಪತ್ರ ಬರೆದಳು, ಮೇಲ್ವಿಚಾರಣೆಗೆ ಹೊರಗಿನವರು ಯಾರನ್ನಾದರೂ ಕರೆಸಬೇಕು ಎಂದೂ ಬರೆದಳು. ಅಭಿಜ್ಞಾಳ ಹೆಸರು ಎಲ್ಲೂ ಹಾಕಿರಲಿಲ್ಲ. ಅಭಿಜ್ಞಾ ಅದರ ಕೆಳಗೆ ತನ್ನದೂ ಸಹಿ ಹಾಕಿದಳು; ವೆಂಕಮ್ಮನ ಬಗ್ಗೆ ನುಜ್ಹತ್ ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ ಎಂದು ನಿರ್ದೇಶಕರ ಮೇಜಿನ ಎದುರು ನಿಂತು ಹೇಳಿಯೂ ಹೇಳಿದಳು. ದಿನಕರ ಸರ್ ಕನ್ನಡಕ ತೆಗೆದು, "ಇರ್ಲಿ ಬಿಡ್ರಿ, ಏನೂ ಆಗಿಲ್ಲಲ್ಲ ಆ ಹೆಣ್ಣಮಗಳಿಗೆ," ಎಂದರು. ಸತ್ತಿರಲಿಲ್ಲ ವೆಂಕಮ್ಮ, ನಿಜ. ಎರಡು ತಾಸಿಗೆ ಏಳುವುದು ನಿಂತಿತೇ ಎಂದು ಕೇಳುವವರು ಈಗ ಯಾರೂ ಇರಲಿಲ್ಲ. ಜುಲೈಯಲ್ಲಿ ನುಜ್ಹತ್ ತಂದೆಯ ಬುಕಿಂಗ್ ಆಫೀಸಿನಲ್ಲಿ ಕೂತಳು. ಲಾರಿ ಡ್ರೈವರುಗಳ ಫೋನು ಎತ್ತುತ್ತಾಳೆ, ಚೆನ್ನಾಗಿ ಮಾತಾಡುತ್ತಾಳೆ ಎಂದು ಶಿರಸಿಯಲ್ಲಿ ಹೇಳುತ್ತಾರೆ.

ಕೋಲಸಿರ್ಸಿಯಿಂದ ಸಿದ್ದಾಪುರ ಕೇಂದ್ರಕ್ಕೆ ಬರುತ್ತಿದ್ದವರು ವೆಂಕಮ್ಮ ಸೇರಿ ಮೂವರು. ಮೂವರೂ ಬರುವುದು ನಿಂತಿತು. ಕೌನ್ಸೆಲರ್ ಒಬ್ಬಳು. ಬಿಟ್ಟುಹೋದವರು ಒಟ್ಟು ನಾಲ್ಕು ಜನ.